ಬಯೋಮೆಡ್-2ರ ಎಂಟು ಟ್ಯೂಬ್‌ಗಳು: ಬಿ ಕೋಶದ ಜೀನ್ ಜೋಡಣೆ ನೋಡುವ ಸೆಟ್ ಹೇಗಿದೆ?

ಊದಿಕೊಂಡ ದುಗ್ಧಗ್ರಂಥಿಯ ಸ್ಲೈಡಿನಲ್ಲಿ ಪ್ರತಿಕಾಯ ತಯಾರಿಸುವ ಬಿ ಕೋಶಗಳು ಕಿಕ್ಕಿರಿದಿವೆ. ಅವು ಸೋಂಕಿಗೆ ಓಗೊಟ್ಟು ಸೇರಿದ ನಾನಾ ಮೂಲದ ಗುಂಪೋ, ಒಂದೇ ಕೋಶದ ಸಂತಾನವೋ, ಅಂದರೆ ಕ್ಲೋನೋ? ಕಣ್ಣಿಗೆ ಎಷ್ಟೋ ಸಲ ಗೊತ್ತಾಗುವುದಿಲ್ಲ, ಡಿಎನ್‌ಎಗೆ ಗೊತ್ತಿರುತ್ತದೆ. ಅದನ್ನು ಓದಲು ಯುರೋಪಿನ ಹಲವು ಪ್ರಯೋಗಾಲಯಗಳು ಒಟ್ಟಾಗಿ ರೂಪಿಸಿ 2003ರಲ್ಲಿ ಪ್ರಕಟಿಸಿದ ಪ್ರೈಮರ್ (ಡಿಎನ್‌ಎಯ ಗೊತ್ತಾದ ಜಾಗಕ್ಕೆ ಅಂಟುವ ಚಿಕ್ಕ ತುಂಡು) ಸೆಟ್ಟೇ ಬಯೋಮೆಡ್-2. ಒಟ್ಟು 107 ಪ್ರೈಮರ್‌, 18 ಟ್ಯೂಬ್; ಒಂದೊಂದು ಟ್ಯೂಬೂ ಒಂದು ಪ್ರೈಮರ್ ಮಿಶ್ರಣ. ಅದರಲ್ಲಿ ಪ್ರತಿಕಾಯದ ಜೀನ್‌ಗಳಿಗೆ ಸೇರಿದ್ದು ಎಂಟು: ಪ್ರತಿಕಾಯದ ಉದ್ದ ಸರಪಳಿಯಾದ ಹೆವಿ ಚೈನ್‌ಗೆ ಐದು; ಗಿಡ್ಡ ಸರಪಳಿಯಾದ ಲೈಟ್ ಚೈನ್‌ನ ಎರಡು ಬಗೆಗಳಲ್ಲಿ ಕಪ್ಪಾಗೆ ಎರಡು, ಲ್ಯಾಂಬ್ಡಾಗೆ ಒಂದು. ಈ ವಿಮರ್ಶೆ ಆ ಎಂಟಕ್ಕೆ ಮಾತ್ರ. ಪ್ರೈಮರ್‌ಗಳ ಅನುಕ್ರಮ ಬಹಿರಂಗವಾಗಿರುವುದರಿಂದ ಸ್ವಂತವಾಗಿ ತರಿಸಿಕೊಂಡು ಬೆರೆಸಬಹುದು. ಬೆರೆಸಿಟ್ಟ ಮಿಶ್ರಣವೇ ಬೇಕೆಂದರೆ ಇನ್ವಿವೋಸ್ಕ್ರೈಬ್ ಕಂಪನಿಯ ಐಡೆಂಟಿಕ್ಲೋನ್‌ನಂಥ ಕಿಟ್‌ಗಳಿವೆ.

ತೀರ್ಪನ್ನು ಮೊದಲೇ ಹೇಳಿಬಿಡೋಣ. ಸೆಟ್ ಚೆನ್ನಾಗಿದೆ, ಇಂದಿಗೂ ಕೆಲಸಕ್ಕೆ ಬರುತ್ತದೆ. ಆದರೆ ಹೆವಿ ಚೈನ್‌ನ ಮೂರು ಟ್ಯೂಬ್ ಮಾತ್ರ ತೆಗೆದುಕೊಂಡು, ಕಪ್ಪಾ ಟ್ಯೂಬ್‌ಗಳನ್ನು 'ಆಮೇಲೆ ನೋಡೋಣ' ಎಂದು ಬಿಡುವವರು ಸೆಟ್‌ನ ಅರ್ಧ ಶಕ್ತಿಯನ್ನು ಪೆಟ್ಟಿಗೆಯಲ್ಲೇ ಬಿಟ್ಟಂತೆ. ಯಾಕೆ ಎನ್ನುವುದು ಜೀನ್‌ಗಳು ಜೋಡಣೆಯಾಗುವ ರೀತಿಯಲ್ಲೇ ಇದೆ.

ಪ್ರತಿಕಾಯದ ಹೆವಿ ಚೈನ್‌ಗೆ ಸಿದ್ಧ ಜೀನ್ ಎಂಬುದು ನಮಗೆ ಹುಟ್ಟಿನಿಂದ ಬರುವುದಿಲ್ಲ, ಬಿಡಿಭಾಗಗಳು ಬರುತ್ತವೆ. 14ನೇ ಕ್ರೋಮೋಸೋಮಿನ ತುದಿಯಲ್ಲಿ ಕೆಲಸ ಮಾಡುವ ವಿ ತುಂಡುಗಳು ಸುಮಾರು 40, ಡಿ ತುಂಡುಗಳು 23, ಜೆ ತುಂಡುಗಳು 6. ಅಸ್ಥಿಮಜ್ಜೆಯಲ್ಲಿ ಬೆಳೆಯುವ ಪ್ರತಿ ಬಿ ಕೋಶ ಮೊದಲು ಒಂದು ಡಿಯನ್ನು ಒಂದು ಜೆಗೆ ಅಂಟಿಸುತ್ತದೆ. ಆಮೇಲೆ ಆ ಜೋಡಿಗೆ ಒಂದು ವಿಯನ್ನು ಸೇರಿಸುತ್ತದೆ. ನಡುವಿನ ಡಿಎನ್‌ಎ ಕತ್ತರಿಸಿಹೋಗುತ್ತದೆ, ಮತ್ತೆ ಬರುವುದಿಲ್ಲ. ಭ್ರೂಣದ ಕೋಶ ಮತ್ತು ಪ್ರತಿಕಾಯ ತಯಾರಿಸುವ ಕೋಶಗಳ ಡಿಎನ್‌ಎ ಹೋಲಿಸಿ ಇದನ್ನು 1976ರಲ್ಲಿ ತೋರಿಸಿದವರು ಹೊಜುಮಿ ಮತ್ತು ಟೊನೆಗಾವಾ. 1987ರ ನೊಬೆಲ್ ಟೊನೆಗಾವಾ ಅವರಿಗೆ ಸಂದಿತು.

ಕತ್ತರಿ ಹಿಡಿಯುವುದು ರ‍್ಯಾಗ್-1 ಮತ್ತು ರ‍್ಯಾಗ್-2 ಎಂಬ ಪ್ರೋಟೀನ್ ಜೋಡಿ. ಎಲ್ಲಿ ಕತ್ತರಿಸಬೇಕು ಎಂಬುದಕ್ಕೆ ಪ್ರತಿ ತುಂಡಿನ ಅಂಚಿನಲ್ಲಿ ಒಂದು ಗುರುತಿದೆ: ಏಳಕ್ಷರದ ಸಿಎಸಿಎಜಿಟಿಜಿ, ನಂತರ 12 ಅಥವಾ 23 ಅಕ್ಷರಗಳ ಖಾಲಿ ಜಾಗ, ನಂತರ ಒಂಬತ್ತಕ್ಷರದ ಎಸಿಎಎಎಎಎಸಿಸಿ. ಸ್ವಲ್ಪ ಆಚೀಚೆ ಇರುವುದುಂಟು, ಆದರೆ ಮೊದಲ ಸಿಎಸಿ ಮಾತ್ರ ಕೆಡುವಂತಿಲ್ಲ. 12ರ ಗುರುತು 23ರ ಗುರುತಿನ ಜೊತೆಗೇ ಕೂಡಬೇಕು. ಹೆವಿ ಚೈನ್‌ನ ವಿಯದು 23, ಜೆಯದೂ 23, ಡಿಗೆ ಎರಡೂ ಬದಿಯಲ್ಲಿ 12. ಹಾಗಾಗಿ ವಿ ನೇರವಾಗಿ ಜೆಗೆ ಅಂಟುವಂತಿಲ್ಲ, ನಡುವೆ ಡಿ ಬೇಕೇ ಬೇಕು.

ಈ ಸೆಟ್‌ಗೆ ಬಂಡವಾಳವಾಗಿರುವುದು ಅಂಟಿಸುವ ಹಂತದ ಒರಟುತನ. ರ‍್ಯಾಗ್ ಕತ್ತರಿಸಿದ ಮೇಲೆ ತುಂಡಿನ ತುದಿಯಲ್ಲಿ ಎರಡು ಎಳೆಗಳೂ ಹೇರ್‌ಪಿನ್‌ನಂತೆ ಮಡಿಚಿ ಒಂದಾಗುತ್ತವೆ. ಆರ್ಟೆಮಿಸ್ ಎಂಬ ಕಿಣ್ವ ಅದನ್ನು ಬಿಚ್ಚುತ್ತದೆ, ಆದರೆ ನಡುಮಧ್ಯಕ್ಕೇ ಬಿಚ್ಚಬೇಕೆಂದಿಲ್ಲ. ಓರೆಯಾಗಿ ಬಿಚ್ಚಿದಲ್ಲಿ ಒಂದೆರಡು ಅಕ್ಷರ ಹೆಚ್ಚುವರಿಯಾಗಿ ಉಳಿಯುತ್ತವೆ. ಇನ್ನು ಕೆಲವು ಅಕ್ಷರಗಳನ್ನು ಬೇರೆ ಕಿಣ್ವಗಳು ಕೆರೆದು ಹಾಕುತ್ತವೆ. ಅದರ ಮೇಲೆ ಟಿಡಿಟಿ ಎಂಬ ಕಿಣ್ವ ಯಾವ ಅಚ್ಚನ್ನೂ ನೋಡದೆ ತನಗೆ ತೋಚಿದ ಅಕ್ಷರಗಳನ್ನು ಸೇರಿಸುತ್ತದೆ. ಕೊನೆಗೆ ಲೈಗೇಸ್-4 ತಂಡ ಬೆಸುಗೆ ಹಾಕುತ್ತದೆ. ಹೀಗೆ ವಿ-ಡಿ-ಜೆ ಸಂಧಿಯ ಉದ್ದ ಕೋಶದಿಂದ ಕೋಶಕ್ಕೆ ಬೇರೆ. ಒಂದೇ ಕೋಶದ ಸಂತಾನದಲ್ಲಿ ಮಾತ್ರ ಒಂದೇ. ಸಂಧಿಯ ಎಡಕ್ಕೆ ವಿಯಲ್ಲಿ ಒಂದು ಪ್ರೈಮರ್, ಬಲಕ್ಕೆ ಜೆಯಲ್ಲಿ ಒಂದು ಪ್ರೈಮರ್ ಇಟ್ಟು ಪಿಸಿಆರ್‌ನಿಂದ ನಡುವಿನ ತುಂಡನ್ನು ಮತ್ತೆ ಮತ್ತೆ ನಕಲು ಮಾಡಿ, ಕ್ಯಾಪಿಲರಿ ಎಂಬ ಸಣ್ಣ ಕೊಳವೆಯಲ್ಲಿ ಓಡಿಸಿ ಉದ್ದ ಅಳೆದರೆ ಉತ್ತರ ಸಿಗುತ್ತದೆ: ಒಂದೇ ಉದ್ದದವು ಒಂದೆಡೆ ಪೀಕ್ ಆಗಿ ಏಳುತ್ತವೆ, ನಾನಾ ಉದ್ದದವು ದಿಬ್ಬವಾಗಿ ಹರಡುತ್ತವೆ. ಸೆಟ್‌ನ ಇಡೀ ತತ್ವ ಇಷ್ಟೇ.

ಹೆವಿ ಚೈನ್‌ನ ಎ, ಬಿ, ಸಿ ಟ್ಯೂಬ್‌ಗಳು ಒಂದೇ ಸಂಧಿಯನ್ನು ಮೂರು ದೂರದಿಂದ ನೋಡುತ್ತವೆ. ಎ ಟ್ಯೂಬಿನಲ್ಲಿ ವಿಯ ಮೊದಲ ಚೌಕಟ್ಟು ಪ್ರದೇಶಕ್ಕೆ (ವಿಯಲ್ಲಿ ಅಷ್ಟಾಗಿ ಬದಲಾಗದ ಭಾಗಕ್ಕೆ) ಆರು ಪ್ರೈಮರ್, ಬಿಯಲ್ಲಿ ಎರಡನೆಯದಕ್ಕೆ ಏಳು, ಸಿಯಲ್ಲಿ ಮೂರನೆಯದಕ್ಕೆ ಏಳು. ಎದುರಿಗೆ ಮೂರಕ್ಕೂ ಜೆಯ ಒಂದೇ ಸಾಮಾನ್ಯ ಪ್ರೈಮರ್. ಯಂತ್ರ ಗುರುತಿಸುವ ಬಣ್ಣ ಕಟ್ಟುವುದು ಈ ಜೆ ಪ್ರೈಮರಿಗೆ. ಬರಬೇಕಾದ ಉದ್ದ ಎಯಲ್ಲಿ 310–360 ಬೇಸ್ (ಡಿಎನ್‌ಎ ಅಕ್ಷರ), ಬಿಯಲ್ಲಿ 250–295, ಸಿಯಲ್ಲಿ 100–170. ಇದರಲ್ಲೇ ಒಂದು ಒಳ್ಳೆಯ ಪರೀಕ್ಷೆ ಅಡಗಿದೆ. ಒಂದೇ ಕ್ಲೋನ್ ಆಗಿದ್ದರೆ ಮೂರು ಟ್ಯೂಬಿನ ಪೀಕ್‌ಗಳ ಅಂತರ ಹೊಂದಬೇಕು. ಬಿಯಲ್ಲಿ 270ಕ್ಕೆ ಪೀಕ್ ಇದ್ದರೆ ಎಯಲ್ಲಿ 330ರ ಆಸುಪಾಸು, ಸಿಯಲ್ಲಿ 130ರ ಆಸುಪಾಸು ನಿರೀಕ್ಷಿಸಬೇಕು. ವಿ ಕುಟುಂಬಕ್ಕೆ ತಕ್ಕಂತೆ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ. ಎಯಲ್ಲಿ 350, ಬಿಯಲ್ಲಿ 255 ಬಂದರೆ ಅವೆರಡನ್ನೂ ಒಂದೇ ಕ್ಲೋನಿನ ಸಾಕ್ಷಿಯೆಂದು ಜೋಡಿಸಬೇಡಿ.

ಪಾಕವಿಧಾನ ಸರಳ. 50 ಮೈಕ್ರೋಲೀಟರ್ ಮಿಶ್ರಣಕ್ಕೆ 100 ನ್ಯಾನೋಗ್ರಾಂ ಡಿಎನ್‌ಎ, ಪ್ರತಿ ಪ್ರೈಮರ್ 10 ಪಿಕೋಮೋಲ್, ಡಿಎನ್‌ಟಿಪಿ (ಡಿಎನ್‌ಎ ಕಟ್ಟಲು ಬೇಕಾದ ಬಿಡಿ ಅಕ್ಷರಗಳು) ತಲಾ 200 ಮೈಕ್ರೋಮೋಲಾರ್, ಮೆಗ್ನೀಸಿಯಂ ಕ್ಲೋರೈಡ್ 1.5 ಮಿಲಿಮೋಲಾರ್, ಬಿಸಿಯಾದ ಮೇಲಷ್ಟೇ ಎಚ್ಚರಗೊಂಡು ಡಿಎನ್‌ಎ ನಕಲಿಸುವ ಟ್ಯಾಕ್ ಕಿಣ್ವ 1 ಯೂನಿಟ್. 95 ಡಿಗ್ರಿಯಲ್ಲಿ 7 ನಿಮಿಷ ಕಿಣ್ವವನ್ನು ಎಬ್ಬಿಸಿ, ನಂತರ 95, 60, 72 ಡಿಗ್ರಿಗಳಲ್ಲಿ ತಲಾ ಅರ್ಧ ನಿಮಿಷದಂತೆ 35 ಸುತ್ತು, ಕೊನೆಗೆ 72ರಲ್ಲಿ 10 ನಿಮಿಷ. ಈ ಕೊನೆಯ ಹತ್ತು ನಿಮಿಷವನ್ನು ಮೊಟಕು ಮಾಡಬಾರದು. ಟ್ಯಾಕ್ ಪ್ರತಿ ಎಳೆಯ ತುದಿಗೆ ಒಂದು ಎ ಅಕ್ಷರ ಸೇರಿಸುತ್ತದೆ. ಸಮಯ ಸಾಲದಿದ್ದರೆ ಕೆಲವಕ್ಕೆ ಸೇರಿ ಕೆಲವಕ್ಕೆ ಸೇರದೆ, ಒಂದು ಬೇಸ್ ಅಂತರದಲ್ಲಿ ಪೀಕ್ ಸೀಳಿ ಎರಡಾಗುತ್ತದೆ. ಆ ಅವಳಿ ಪೀಕನ್ನು ಎರಡು ಕ್ಲೋನ್ ಎಂದು ಬರೆದ ರಿಪೋರ್ಟ್ ತಪ್ಪು ರಿಪೋರ್ಟ್.

100 ನ್ಯಾನೋಗ್ರಾಂ ಎಂದರೆ ಎಷ್ಟು ಕೋಶ ಎಂದು ಒಮ್ಮೆ ಲೆಕ್ಕ ಹಾಕಿಟ್ಟುಕೊಳ್ಳುವುದು ಒಳ್ಳೆಯದು. ಒಂದು ಕೋಶದಲ್ಲಿ ಸುಮಾರು 6.6 ಪಿಕೋಗ್ರಾಂ ಡಿಎನ್‌ಎ, ಅಂದರೆ 100 ನ್ಯಾನೋಗ್ರಾಂಗೆ ಸುಮಾರು 15,000 ಕೋಶ. ದುಗ್ಧಗ್ರಂಥಿಯಾದರೆ ಅದರಲ್ಲಿ ಸಾವಿರಾರು ಬಿ ಕೋಶಗಳು. ಚರ್ಮದ ಬಯಾಪ್ಸಿಯಲ್ಲಿ ನೂರಕ್ಕೆ ಎರಡೇ ಬಿ ಕೋಶ ಇದ್ದರೆ ಸಿಗುವುದು 300. ಅವುಗಳಲ್ಲಿ ಯಾವುದು ಮೊದಲ ಕೆಲವು ಸುತ್ತುಗಳಲ್ಲಿ ಪ್ರೈಮರಿಗೆ ಸಿಕ್ಕಿತೋ ಅದು ಮುಂದೋಡುತ್ತದೆ. ಪೀಕ್ ಏಳುತ್ತದೆ, ಚೂಪಾಗಿಯೇ ಏಳುತ್ತದೆ, ಆದರೆ ಅದಕ್ಕೂ ಗೆಡ್ಡೆಗೂ ಸಂಬಂಧವಿಲ್ಲ. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋದಂತೆ. ಇದಕ್ಕೆ ಹುಸಿ ಕ್ಲೋನ್ ಎನ್ನುತ್ತಾರೆ. ಮದ್ದು ಒಂದೇ: ಅದೇ ಡಿಎನ್‌ಎಯಿಂದ ಬೇರೆ ಬೇರೆಯಾಗಿ ಎರಡು ಪಿಸಿಆರ್, ಸಂಶಯವಿದ್ದರೆ ಮೂರು. ನಿಜವಾದ ಕ್ಲೋನ್ ಎರಡರಲ್ಲೂ ಅದೇ ಬೇಸಿಗೆ ಏಳುತ್ತದೆ. ಹುಸಿಯದು ಜಾಗ ಬದಲಿಸುತ್ತದೆ. ಒಂದೇ ಪಿಸಿಆರ್ ಉತ್ಪನ್ನವನ್ನು ಎರಡು ಸಲ ಕ್ಯಾಪಿಲರಿಗೆ ಹಾಕಿ 'ಡೂಪ್ಲಿಕೇಟ್ ಆಯಿತು' ಎನ್ನುವುದು ಲೆಕ್ಕಕ್ಕಿಲ್ಲ.

ಆರೋಗ್ಯವಂತ ಟಾನ್ಸಿಲ್‌ನ ಡಿಎನ್‌ಎಯನ್ನು ಸಿ ಟ್ಯೂಬಿನಲ್ಲಿ ಓಡಿಸಿ ಪರದೆಯ ಮೇಲೆ ಹತ್ತಿರದಿಂದ ನೋಡಿದರೆ ಈ ಸೆಟ್‌ನ ಅತ್ಯಂತ ಚಂದದ ದೃಶ್ಯ ಕಾಣುತ್ತದೆ. ಗಂಟೆಯಾಕಾರದ ದಿಬ್ಬ, ಆದರೆ ನುಣುಪಾಗಿಲ್ಲ, ಬಾಚಣಿಗೆಯ ಹಲ್ಲುಗಳಂತೆ ಸಾಲು ಸಾಲು ಪೀಕ್. ಒಂದು ಹಲ್ಲಿಗೂ ಮುಂದಿನದಕ್ಕೂ ಸರಿಯಾಗಿ ಮೂರು ಬೇಸ್ ಅಂತರ. ಪ್ರೋಟೀನ್ ಓದುವುದು ಮೂರಕ್ಷರಗಳ ಪದಗಳಲ್ಲಿ. ಸಂಧಿಯಲ್ಲಿ ಸೇರಿದ, ಹೋದ ಅಕ್ಷರಗಳ ಮೊತ್ತ ಮೂರರ ಲೆಕ್ಕಕ್ಕೆ ಕೂರದಿದ್ದರೆ ಓದು ತಪ್ಪಿ ಹೆವಿ ಚೈನ್ ಆಗುವುದಿಲ್ಲ. ಮೂರರಲ್ಲಿ ಎರಡು ಸಲ ಹೀಗೇ ಕೆಡುತ್ತದೆ. ಎರಡನೇ ಕ್ರೋಮೋಸೋಮಿನಲ್ಲೂ ಕೆಟ್ಟರೆ ಕೋಶ ಸಾಯುತ್ತದೆ. ಬದುಕಿ ಬಂದ ಕೋಶಗಳಲ್ಲಿ ಒಂದಾದರೂ ಸರಿಯಾದ ಸಂಧಿ ಇದ್ದೇ ಇರುವುದರಿಂದ ಆ ಹಲ್ಲುಗಳು ಎದ್ದು ಕಾಣುತ್ತವೆ. ನಡುವಿನ ಗಿಡ್ಡ ಪೀಕ್‌ಗಳು ಸೋತ ಪ್ರಯತ್ನಗಳದ್ದು. ಕಂಟ್ರೋಲ್ ಟಾನ್ಸಿಲ್‌ನಲ್ಲಿ ಈ ಬಾಚಣಿಗೆ ಕಾಣದಿದ್ದರೆ ಆ ದಿನದ ಓಟವನ್ನೇ ನಂಬಬೇಡಿ.

ಪೀಕ್ ಎಷ್ಟು ಎತ್ತರವಿದ್ದರೆ ಕ್ಲೋನ್ ಎಂದು ಕೇಳುವವರು ಬಹಳ. ಹಿನ್ನೆಲೆಯ ಎರಡು ಪಟ್ಟೋ ಮೂರು ಪಟ್ಟೋ ಎಂದು ಕೆಲವು ಪ್ರಯೋಗಾಲಯಗಳು ಗೆರೆ ಹಾಕಿಕೊಳ್ಳುತ್ತವೆ. ನಮ್ಮ ಅಭಿಪ್ರಾಯದಲ್ಲಿ ಗೆರೆಯೊಂದನ್ನೇ ನೆಚ್ಚಿಕೊಳ್ಳಬಾರದು. ಇದೇ ಬಳಗ 2012ರಲ್ಲಿ ಹೊರತಂದ ಮಾರ್ಗಸೂಚಿಯೂ ಮೊದಲು ಪ್ರತಿ ಟ್ಯೂಬಿನ ಚಿತ್ರವನ್ನು ವರ್ಣಿಸಿ, ಆಮೇಲೆ ಎಲ್ಲವನ್ನೂ ಒಟ್ಟುಗೂಡಿಸಿ ತೀರ್ಮಾನ ಬರೆಯಲು ಹೇಳುತ್ತದೆ. ದಿಬ್ಬದ ಮೇಲೆ ಒಂದು ಪೀಕ್ ಎದ್ದಿರುವುದು ಬೇರೆ, ದಿಬ್ಬವೇ ಇಲ್ಲದೆ ಖಾಲಿ ಬಯಲಿನಲ್ಲಿ ಎರಡು ಮೂರು ಗಿಡ್ಡ ಪೀಕ್ ಇರುವುದು ಬೇರೆ. ಮೊದಲನೆಯದು ಕ್ಲೋನ್ ಇರಬಹುದು. ಎರಡನೆಯದು ಬಹುತೇಕ ಬಿ ಕೋಶಗಳೇ ಕಡಿಮೆ ಎಂಬುದರ ಸೂಚನೆ. ಸಂವೇದನೆಯ ಮಟ್ಟವನ್ನೂ ಮರೆಯಬಾರದು. ಮಿಕ್ಕ ಬಿ ಕೋಶಗಳ ಗದ್ದಲದ ನಡುವೆ ಕ್ಲೋನ್ ಕಾಣಬೇಕಾದರೆ ಅದು ನೂರಕ್ಕೆ 1ರಿಂದ 10ರಷ್ಟಾದರೂ ಇರಬೇಕು. ಚಿಕಿತ್ಸೆಯ ನಂತರ ಉಳಿದಿರಬಹುದಾದ ಅತ್ಯಲ್ಪ ಕೋಶಗಳನ್ನು ಹುಡುಕಲು ಈ ಸೆಟ್ ಸಲ್ಲ.

ಎರಡು ಪೀಕ್ ಕಂಡಾಗ ಗಾಬರಿ ಬೇಡ. ಕೋಶದಲ್ಲಿ ಎರಡು 14ನೇ ಕ್ರೋಮೋಸೋಮ್ ಇವೆ, ಎರಡರಲ್ಲೂ ಜೋಡಣೆ ಆಗಿರಬಹುದು. ಒಂದೇ ಕ್ಲೋನ್, ಎರಡು ಪೀಕ್.

ಸೆಟ್‌ನ ದೊಡ್ಡ ದೌರ್ಬಲ್ಯ ಬೇರೆಡೆ ಇದೆ. ಬಿ ಕೋಶ ಅಸ್ಥಿಮಜ್ಜೆಯಿಂದ ಹೊರಬಿದ್ದ ಮೇಲೂ ತನ್ನ ಜೀನನ್ನು ಸುಮ್ಮನೆ ಬಿಡುವುದಿಲ್ಲ. ದುಗ್ಧಗ್ರಂಥಿಯೊಳಗೆ ಬಿ ಕೋಶಗಳು ಪಳಗುವ ಜರ್ಮಿನಲ್ ಸೆಂಟರಿನಲ್ಲಿ ಎಐಡಿ ಎಂಬ ಕಿಣ್ವ ವಿ ಭಾಗದ ಅಕ್ಷರಗಳನ್ನು ಅಲ್ಲಲ್ಲಿ ಬದಲಿಸುತ್ತ ಹೋಗುತ್ತದೆ, ಇನ್ನೂ ಬಿಗಿಯಾಗಿ ಅಂಟುವ ಪ್ರತಿಕಾಯ ಸಿಗಲಿ ಎಂದು. ಪ್ರೈಮರ್ ಕೂರಬೇಕಾದ ಜಾಗದಲ್ಲೇ ಅಕ್ಷರ ಬದಲಾದರೆ ಪ್ರೈಮರ್ ಕೂರುವುದಿಲ್ಲ. ಫಾಲಿಕ್ಯುಲರ್ ಲಿಂಫೋಮಾದಂಥ, ಜರ್ಮಿನಲ್ ಸೆಂಟರಿನಿಂದ ಬಂದ ಗೆಡ್ಡೆಗಳಲ್ಲಿ ಹೆವಿ ಚೈನ್ ಟ್ಯೂಬ್‌ಗಳು ಕೈಕೊಡುವುದು ಇದಕ್ಕೇ. ಸಿ ಟ್ಯೂಬ್ ಎಲ್ಲಕ್ಕಿಂತ ಹೆಚ್ಚು. ಪರದೆಯ ಮೇಲೆ ಕಾಣುವುದು ಮಾತ್ರ ನಿರುಪದ್ರವಿ ದಿಬ್ಬ, ಏಕೆಂದರೆ ಗೆಡ್ಡೆಯ ನಡುವೆ ಸಿಕ್ಕಿಬಿದ್ದಿರುವ ಸಾಮಾನ್ಯ ಬಿ ಕೋಶಗಳು ಚೆನ್ನಾಗಿಯೇ ಬರುತ್ತವೆ. ಸಿ ಟ್ಯೂಬ್ ಒಂದನ್ನೇ ಮಾಡಿ 'ಕ್ಲೋನ್ ಇಲ್ಲ' ಎಂದು ಬರೆಯುವ ಅಭ್ಯಾಸ ಎಲ್ಲಿದ್ದರೂ ನಿಲ್ಲಬೇಕು.

ಇಲ್ಲಿ ಕಪ್ಪಾ ಟ್ಯೂಬ್‌ಗಳು ಕೈಹಿಡಿಯುತ್ತವೆ. ಹೆವಿ ಚೈನ್ ಆದ ಮೇಲೆ ಕೋಶ 2ನೇ ಕ್ರೋಮೋಸೋಮಿನ ಕಪ್ಪಾ ಲೈಟ್ ಚೈನ್‌ಗೆ ಕೈಹಾಕುತ್ತದೆ. ಇಲ್ಲಿ ಡಿ ಇಲ್ಲ, ವಿ ನೇರ ಜೆಗೆ. ಕಪ್ಪಾ ಎ ಟ್ಯೂಬ್ ನೋಡುವುದು ಇದನ್ನು: 120–160, 190–210, 260–300 ಬೇಸ್ ಎಂಬ ಮೂರು ವಲಯಗಳಲ್ಲಿ. ಕಪ್ಪಾ ಸರಿಹೋಗದಿದ್ದರೆ ಕೋಶ ಅದನ್ನು ಕಿತ್ತೇ ಹಾಕುತ್ತದೆ. ಎಲ್ಲ ಕಪ್ಪಾಗಳಲ್ಲೂ ಒಂದೇ ಆಗಿರುವ ಸ್ಥಿರ ಭಾಗದಿಂದ ಸುಮಾರು 24 ಸಾವಿರ ಬೇಸ್ ಕೆಳಗೆ 'ಕಪ್ಪಾ ಅಳಿಸುವ ತುಂಡು' ಎಂಬ ಜಾಗವಿದೆ, ಅದಕ್ಕೂ 23ರ ಗುರುತಿದೆ. ಅದು ಒಂದು ವಿಗೆ ಬಂದು ಅಂಟುತ್ತದೆ, ಇಲ್ಲವೇ ಜೆಗೂ ಸ್ಥಿರ ಭಾಗಕ್ಕೂ ನಡುವೆ ಇರುವ ಒಂಟಿ ಗುರುತಿಗೆ ಅಂಟುತ್ತದೆ. ಎರಡರಲ್ಲೂ ಸ್ಥಿರ ಭಾಗ ಹೊರಗೆ, ಜೊತೆಗೆ ಅಲ್ಲೇ ಇದ್ದ, ಜೀನನ್ನು ಚುರುಕಾಗಿಸುವ ಎನ್‌ಹ್ಯಾನ್ಸರ್ ಕೂಡ. ಆಮೇಲೆ ಕೋಶ ಲ್ಯಾಂಬ್ಡಾದತ್ತ ತಿರುಗುತ್ತದೆ. ಲ್ಯಾಂಬ್ಡಾ ಹೊತ್ತ ಬಿ ಕೋಶಗಳಲ್ಲಿ ಬಹುತೇಕ ಎಲ್ಲದರಲ್ಲೂ ಈ ಅಳಿಸಿದ ಗುರುತು ಇರುತ್ತದೆ, ಕಪ್ಪಾ ಹೊತ್ತ ಎಷ್ಟೋ ಕೋಶಗಳ ಇನ್ನೊಂದು ಕ್ರೋಮೋಸೋಮಿನಲ್ಲೂ ಇರುತ್ತದೆ.

ಎನ್‌ಹ್ಯಾನ್ಸರ್ ಹೋದದ್ದೇ ನಮಗೆ ಲಾಭ. ಅಕ್ಷರ ಬದಲಿಸುವ ಕಿಣ್ವಕ್ಕೆ ಕೆಲಸ ಮಾಡುತ್ತಿರುವ ಜೀನ್ ಬೇಕು. ಸತ್ತ ಜೀನಿನ ಮೇಲೆ ಅದು ಕೈ ಇಡುವುದಿಲ್ಲ. ಹಾಗಾಗಿ ಕಪ್ಪಾ ಬಿ ಟ್ಯೂಬ್ ನೋಡುವ ಈ ಸಂಧಿಗಳಲ್ಲಿ ಪ್ರೈಮರ್ ಕೂರುವ ಜಾಗ ಹಾಗೇ ಉಳಿದಿರುತ್ತದೆ. ಒಂದು ಮಾದರಿ ಫಲಿತಾಂಶ ನೋಡಿ: ಫಾಲಿಕ್ಯುಲರ್ ಲಿಂಫೋಮಾ ಶಂಕೆಯ ಗ್ರಂಥಿ, ಹೆವಿ ಚೈನ್ ಎಯಲ್ಲಿ ಮಂಕು ದಿಬ್ಬ, ಬಿ ಮತ್ತು ಸಿಯಲ್ಲಿ ಚಂದದ ದಿಬ್ಬ, ಕಪ್ಪಾ ಎಯಲ್ಲಿ ಹೇಳಿಕೊಳ್ಳುವಂಥದ್ದೇನಿಲ್ಲ, ಕಪ್ಪಾ ಬಿಯಲ್ಲಿ 282 ಬೇಸಿಗೆ ಒಂಟಿ ಪೀಕ್, ಎರಡು ಪಿಸಿಆರ್‌ನಲ್ಲೂ ಅದೇ ಜಾಗ. ಒಂಟಿ ಗುರುತು ಮತ್ತು ಅಳಿಸುವ ತುಂಡು ಕೂಡಿದಾಗ ಬರುವ 270–300ರ ವಲಯದೊಳಗೇ ಅದು ಬೀಳುತ್ತದೆ. ಇದು ಕ್ಲೋನ್. ಮೂರು ಟ್ಯೂಬ್‌ಗೇ ನಿಲ್ಲಿಸಿದ್ದರೆ ತಪ್ಪಿಹೋಗುತ್ತಿತ್ತು. ಈ ಟ್ಯೂಬಿನ ಉಳಿದೆರಡು ವಲಯಗಳು 210–250 ಮತ್ತು 350–390.

ಕಪ್ಪಾದ ವಿಷಯದಲ್ಲಿ ಎರಡು ಎಚ್ಚರಿಕೆ. ಒಂದೇ ಕ್ರೋಮೋಸೋಮಿನಲ್ಲಿ ವಿ-ಜೆ ಸಂಧಿಯೂ ಉಳಿದು, ಒಂಟಿ ಗುರುತಿಗೆ ಅಳಿಸುವ ತುಂಡೂ ಅಂಟಿರಬಹುದು. ಹಾಗಾಗಿ ಒಂದೇ ಕ್ಲೋನ್ ಕಪ್ಪಾದಲ್ಲಿ ನಾಲ್ಕು ಪೀಕ್‌ವರೆಗೂ ತೋರಿಸಬಹುದು. ಎಣಿಸಿ 'ಹಲವು ಕ್ಲೋನ್' ಎಂದುಬಿಡಬಾರದು. ಎರಡನೆಯದು ಇನ್ನೂ ನಯವಾದ ಬಲೆ. ಲೈಟ್ ಚೈನ್ ಜೋಡಣೆಯ ಹೊತ್ತಿಗೆ ಟಿಡಿಟಿ ಹೆಚ್ಚು ಕೆಲಸ ಮಾಡುವುದಿಲ್ಲ, ಸಂಧಿಯಲ್ಲಿ ಸೇರುವ ಅಕ್ಷರ ಕಡಿಮೆ, ಉದ್ದದ ವೈವಿಧ್ಯವೂ ಕಡಿಮೆ. ಹಾಗಾಗಿ ಆರೋಗ್ಯವಂತರ ಕಪ್ಪಾ ಎ ಚಿತ್ರದಲ್ಲೂ ಅಗಲ ದಿಬ್ಬದ ಬದಲು ಇಕ್ಕಟ್ಟಾದ, ಚೂಪು ಗುಂಪುಗಳು ಕಾಣುತ್ತವೆ. ಹೆವಿ ಚೈನ್ ಕಣ್ಣಿನಿಂದ ನೋಡಿದರೆ ಇದೆಲ್ಲ ಕ್ಲೋನ್‌ನಂತೆ ಕಾಣುತ್ತದೆ! ಪಕ್ಕದಲ್ಲೇ ಟಾನ್ಸಿಲ್ ಕಂಟ್ರೋಲ್ ಇಟ್ಟು ಒಂದರ ಮೇಲೊಂದು ಹೇರಿ ನೋಡಬೇಕು.

ಕಪ್ಪಾ, ಲ್ಯಾಂಬ್ಡಾಗಳಿಗೆ ಹಳೆಯ ಹೆಟೆರೋಡೂಪ್ಲೆಕ್ಸ್ ವಿಧಾನವೇ ಮೇಲು ಎಂದು ಸೆಟ್ ರೂಪಿಸಿದವರೇ ಹೇಳಿದ್ದಾರೆ, ಅದು ಸರಿಯೂ ಹೌದು. ಪಿಸಿಆರ್ ಉತ್ಪನ್ನವನ್ನು 95 ಡಿಗ್ರಿಯಲ್ಲಿ 5 ನಿಮಿಷ ಬಿಸಿ ಮಾಡಿ ಎಳೆಗಳನ್ನು ಬಿಡಿಸಿ, 4 ಡಿಗ್ರಿಯಲ್ಲಿ ಒಂದು ಗಂಟೆ ಇಟ್ಟು ಮತ್ತೆ ಕೂಡಲು ಬಿಡಬೇಕು. ಆಮೇಲೆ 6 ಪ್ರತಿಶತ ಪಾಲಿಅಕ್ರಿಲಮೈಡ್ ಜೆಲ್. ಎಲ್ಲ ಎಳೆಗಳೂ ಒಂದೇ ಆಗಿದ್ದರೆ ತಮ್ಮ ಜೋಡಿಯೊಂದಿಗೆ ನೀಟಾಗಿ ಕೂಡಿ ಒಂದು ಬ್ಯಾಂಡ್ ಕೊಡುತ್ತವೆ. ನಾನಾ ಥರದವಾದರೆ ಸಿಕ್ಕಿದವರ ಜೊತೆ ಕೂಡಿ, ಸಂಧಿಯಲ್ಲಿ ಹೊಂದದೆ ಉಬ್ಬಿಕೊಂಡು, ಜೆಲ್‌ನಲ್ಲಿ ತೆವಳುತ್ತ ಮಸಿ ಬಳಿದಂತೆ ಮೇಲೆಯೇ ಉಳಿಯುತ್ತವೆ. ಉದ್ದ ಒಂದೇ ಇದ್ದು ಅನುಕ್ರಮ ಬೇರೆಯಿರುವ ತುಂಡುಗಳನ್ನು ಇದು ಬೇರ್ಪಡಿಸುತ್ತದೆ; ಕ್ಯಾಪಿಲರಿಗೆ ಆ ಶಕ್ತಿ ಇಲ್ಲ. ಬೇಸರದ ಕೆಲಸ, ಸಂವೇದನೆಯೂ ತುಸು ಕಡಿಮೆ. ಆದರೂ ಕಪ್ಪಾ ಎಯಲ್ಲಿ ಸಂಶಯ ಬಂದಾಗ ಇದನ್ನು ಬಿಟ್ಟರೆ ಗತಿಯಿಲ್ಲ.

ಹೆವಿ ಚೈನ್‌ನ ಡಿ ಮತ್ತು ಇ ಟ್ಯೂಬ್‌ಗಳು ಅರ್ಧಕ್ಕೆ ನಿಂತ ಜೋಡಣೆಯನ್ನು, ಅಂದರೆ ಡಿ-ಜೆ ಆಗಿ ವಿ ಸೇರದೆ ಉಳಿದ ಕ್ರೋಮೋಸೋಮನ್ನು ಹುಡುಕುತ್ತವೆ. ಅದರಲ್ಲೂ ಅಕ್ಷರ ಬದಲಾವಣೆಯ ಕಾಟವಿಲ್ಲ. ಬರಬೇಕಾದ ಉದ್ದ ಡಿ ಟ್ಯೂಬಿನಲ್ಲಿ 110–290 ಮತ್ತು 390–420, ಇ ಟ್ಯೂಬಿನಲ್ಲಿ 100–130. ಉಪಯುಕ್ತ, ಆದರೆ ತಲೆನೋವಿನವು. ಡಿ ಟ್ಯೂಬಿನಲ್ಲಿ 350ರ ಹತ್ತಿರ ಯಾವ ಜೋಡಣೆಗೂ ಸೇರದ ಬ್ಯಾಂಡ್ ಬರುತ್ತದೆ, ಅದನ್ನು ಗಣಿಸಬೇಡಿ. ಇ ಟ್ಯೂಬಿನ ಡಿ7 ತುಂಡು ಜೆಗಳಿಗೆ ಎಷ್ಟು ಹತ್ತಿರವಿದೆಯೆಂದರೆ ಜೋಡಣೆಯೇ ಆಗದ ಡಿಎನ್‌ಎಯೂ 211 ಬೇಸಿನ ಉತ್ಪನ್ನ ಕೊಡುತ್ತದೆ. ಅದು ಕ್ಲೋನ್ ಅಲ್ಲ, ಪಿಸಿಆರ್ ನಡೆದಿದೆ ಎಂಬುದಕ್ಕೆ ಪುಕ್ಕಟೆ ಸಾಕ್ಷಿ. ಲ್ಯಾಂಬ್ಡಾ ಟ್ಯೂಬ್ 140–165ರಲ್ಲಿ ಬರುತ್ತದೆ. ಕಪ್ಪಾ ಎರಡೂ ಮಾಡಿದವರಿಗೆ ಅದು ಹೊಸದಾಗಿ ಹೇಳುವುದು ಅಪರೂಪ.

ಇನ್ನು ಸ್ಯಾಂಪಲ್. ಫಾರ್ಮಲಿನ್‌ನಲ್ಲಿಟ್ಟು ಪ್ಯಾರಾಫಿನ್ ಬ್ಲಾಕ್ ಮಾಡಿದ ಅಂಗಾಂಶದ ಡಿಎನ್‌ಎ ಚೂರುಚೂರಾಗಿರುತ್ತದೆ. ಅದಕ್ಕೇ ಸೆಟ್ ಜೊತೆಗೆ 100, 200, 300, 400, 600 ಬೇಸ್‌ಗಳ ಕಂಟ್ರೋಲ್ ಜೀನ್ ಮಿಶ್ರಣವಿದೆ. ಅದನ್ನು ಬಿಟ್ಟು ಮುಂದೆ ಹೋಗಲೇಬಾರದು. 200ರವರೆಗೆ ಮಾತ್ರ ಬಂದರೆ, ಎ ಟ್ಯೂಬ್ ಖಾಲಿ ಬಂದದ್ದಕ್ಕೆ ಅರ್ಥವಿಲ್ಲ. 330ರ ತುಂಡು ಬರಲು ಡಿಎನ್‌ಎಯೇ ಅಷ್ಟುದ್ದ ಉಳಿದಿಲ್ಲ. ಅಲ್ಲಿ ಬರೆಯಬೇಕಾದದ್ದು 'ಕ್ಲೋನ್ ಇಲ್ಲ' ಎಂದಲ್ಲ, 'ತೀರ್ಮಾನಿಸಲಾಗದು' ಎಂದು. ಬ್ಲಾಕ್‌ನ ಡಿಎನ್‌ಎ ಹೆಚ್ಚು ಹಾಕಿದರೆ ಹೆಚ್ಚು ಬರುತ್ತದೆ ಎಂಬುದೂ ತಪ್ಪು, ಅದರ ಜೊತೆ ಪಿಸಿಆರ್ ತಡೆಯುವ ಕಶ್ಮಲವೂ ಹೆಚ್ಚುತ್ತದೆ. ಏನೂ ಬರದಿದ್ದಾಗ ಐದು ಪಟ್ಟು ತೆಳುಮಾಡಿ ಮತ್ತೆ ನೋಡಿ, ಎಷ್ಟೋ ಸಲ ದಾರಿಗೆ ಬರುತ್ತದೆ. ಮೂಳೆಯ ಸ್ಯಾಂಪಲ್‌ನ ಸುಣ್ಣ ತೆಗೆಯಲು ಬಲವಾದ ಆಮ್ಲ ಬಳಸಿದ್ದರೆ ಆಸೆ ಬಿಡಿ, ಇಡಿಟಿಎ ಬಳಸಿದ್ದರೆ ಪ್ರಯತ್ನಿಸಬಹುದು. ರಕ್ತವನ್ನು ಇಡಿಟಿಎ ಟ್ಯೂಬಿನಲ್ಲೇ ಕಳಿಸಬೇಕು, ಹೆಪಾರಿನ್ ಟ್ಯಾಕ್‌ಗೆ ಅಡ್ಡಗಾಲು.

ಕ್ಯಾಪಿಲರಿಗೆ ಹಾಕುವಾಗ ಉತ್ಪನ್ನ ಅತಿಯಾದರೆ ಪೀಕ್ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗಿ, ಪಕ್ಕದ ಬಣ್ಣದಲ್ಲೂ ಅದರ ನೆರಳು ಬೀಳುತ್ತದೆ. ತೆಳುಮಾಡಿ ಮತ್ತೆ ಓಡಿಸುವುದೇ ದಾರಿ. ಚಪ್ಪಟೆ ಪೀಕಿನ ಎತ್ತರವನ್ನು ಹಿನ್ನೆಲೆಗೆ ಹೋಲಿಸುವುದರಲ್ಲಿ ಅರ್ಥವಿಲ್ಲ. ಬಣ್ಣ ಕಟ್ಟಿದ ಪ್ರೈಮರ್‌ಗಳನ್ನು ಸಣ್ಣ ಸಣ್ಣ ಪಾಲು ಮಾಡಿ ಬೆಳಕು ಬೀಳದಂತೆ ಇಡಿ; ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಸಂಕೇತ ಮಂಕಾಗುತ್ತ ಹೋಗಿ, ದೋಷ ಡಿಎನ್‌ಎಯದೋ ಪ್ರೈಮರ್‌ನದೋ ತಿಳಿಯದಾಗುತ್ತದೆ.

ಸೆಟ್‌ಗೆ ಕೇಳಬಾರದ ಎರಡು ಪ್ರಶ್ನೆಗಳಿವೆ. ಇದು ಬಿ ಕೋಶವೋ ಟಿ ಕೋಶವೋ ಎಂಬುದು ಒಂದು. ಅಪಕ್ವ ಲುಕೇಮಿಯಾಗಳಲ್ಲಿ ರ‍್ಯಾಗ್ ಹದ್ದುಮೀರಿ ಓಡಾಡಿರುತ್ತದೆ. ಬಿ ಕೋಶದ ಲುಕೇಮಿಯಾದಲ್ಲಿ ಟಿ ಕೋಶ ಗ್ರಾಹಕದ ಜೀನ್‌ಗಳೂ ಜೋಡಣೆಯಾಗಿರುವುದು ಸಾಮಾನ್ಯ, ಟಿ ಕೋಶದ ಲುಕೇಮಿಯಾದಲ್ಲಿ ಹೆವಿ ಚೈನ್ ಡಿ-ಜೆ ಸಿಗುವುದೂ ಉಂಟು. ಕೋಶದ ಕುಲ ಹೇಳುವುದು ಕೋಶದ ಮೇಲ್ಮೈ ಗುರುತುಗಳ ಕೆಲಸ. ಇದು ಕ್ಯಾನ್ಸರೋ ಎಂಬುದು ಇನ್ನೊಂದು. ಕ್ಲೋನ್ ಇದ್ದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ಸೋಂಕಿನಲ್ಲೂ ಒಂದು ಸಂತಾನ ಮುಂದೋಡಬಹುದು. ಸ್ಲೈಡ್ ನೋಡಿದ ಪೆಥಾಲಜಿಸ್ಟ್‌ನ ಅಭಿಪ್ರಾಯವಿಲ್ಲದೆ ಈ ರಿಪೋರ್ಟ್ ಒಂಟಿಯಾಗಿ ಹೊರಹೋಗಬಾರದು.

ಉದ್ದ ಅಳೆಯುವ ಬದಲು ಅನುಕ್ರಮವನ್ನೇ ಓದುವ ವಿಧಾನಗಳು ಬಂದಿವೆ. ಯುರೋಪಿನ ಅದೇ ಬಳಗ 2019ರಲ್ಲಿ ಅಂಥ ಸೆಟ್ ಪ್ರಕಟಿಸಿದೆ. ಚಿಕ್ಕ ತುಂಡುಗಳಲ್ಲೇ ಕೆಲಸ ಮಾಡುವುದರಿಂದ ಪ್ಯಾರಾಫಿನ್ ಬ್ಲಾಕ್‌ಗಳಿಗೆ ಅದು ಹೆಚ್ಚು ಒಗ್ಗುತ್ತದೆ, ವರ್ಷಗಳ ನಂತರ ಮರುಕಳಿಸಿದ ಗೆಡ್ಡೆ ಹಳೆಯದೇ ಹೌದೋ ಅಲ್ಲವೋ ಎಂಬುದನ್ನು ಅಕ್ಷರಕ್ಕಕ್ಷರ ಹೋಲಿಸಿ ಹೇಳುತ್ತದೆ. ಬಯೋಮೆಡ್-2 ಹೇಳುವುದು ಎರಡೂ ಸಲ 268 ಬೇಸ್ ಬಂತು ಎಂದಷ್ಟೇ. ಇಬ್ಬರ ಎತ್ತರ ಒಂದೇ ಇದ್ದರೆ ಒಬ್ಬನೇ ಮನುಷ್ಯ ಎಂದಂತೆ. ಆದರೆ ಅನುಕ್ರಮ ಓದಲು ಯಂತ್ರ ಬೇಕು, ಸಾಫ್ಟ್‌ವೇರ್ ಬೇಕು, ಒಂದು ಓಟಕ್ಕೆ ಸಾಕಷ್ಟು ಸ್ಯಾಂಪಲ್ ಒಟ್ಟಾಗುವವರೆಗೆ ಕಾಯಬೇಕು. ವಾರಕ್ಕೆ ಎರಡು ಮೂರು ಬಯಾಪ್ಸಿ ಬರುವ ಕಡೆ ಪಿಸಿಆರ್ ಯಂತ್ರ ಮತ್ತು ಒಂದು ಕ್ಯಾಪಿಲರಿ ಸಾಕಾಗುವ ಈ ಹಳೆಯ ಸೆಟ್ಟೇ ವಾಸಿ.

ಡಿಎನ್‌ಎ ಸ್ವಲ್ಪವೇ ಇದ್ದಾಗ ಎಲ್ಲ ಎಂಟೂ ಆಗುವುದಿಲ್ಲ. ಆಗ ಮೊದಲು ಕಂಟ್ರೋಲ್ ಜೀನ್. 300 ಬಂದರೆ ಹೆವಿ ಚೈನ್ ಬಿ ಮತ್ತು ಕಪ್ಪಾ ಬಿ, ಪ್ರತಿಯೊಂದಕ್ಕೂ ಎರಡು ಪಿಸಿಆರ್. ಉಳಿದರೆ ಕಪ್ಪಾ ಎ, ಹೆವಿ ಚೈನ್ ಸಿ, ಆಮೇಲೆ ಎ. 300 ಬಾರದಿದ್ದರೆ ಹೆವಿ ಚೈನ್ ಸಿ ಮೊದಲು, ಜೊತೆಗೆ ಕಪ್ಪಾ ಎ, ಆದರೆ ಅದರ ಚಿಕ್ಕ ವಲಯಗಳನ್ನು ಮಾತ್ರ ನಂಬಿ. ಪ್ರತಿ ಓಟದಲ್ಲೂ ಗೊತ್ತಿರುವ ಕ್ಲೋನ್ ಒಂದು, ಟಾನ್ಸಿಲ್ ಒಂದು, ಬರೀ ನೀರು ಒಂದು. 35 ಸುತ್ತು ಎಂದರೆ ಗಾಳಿಯಲ್ಲಿ ಹಾರಿದ ಹಳೆಯ ಉತ್ಪನ್ನದ ಒಂದು ಹನಿಯೂ ಹಬ್ಬ ಮಾಡುತ್ತದೆ, ಆದ್ದರಿಂದ ಪಿಸಿಆರ್‌ಗೆ ಮುಂಚಿನ ಕೋಣೆ, ಪಿಪೆಟ್, ಕೋಟು ಎಲ್ಲವೂ ಬೇರೆ ಇರಬೇಕು. ನೀರಿನ ಟ್ಯೂಬಿನಲ್ಲಿ ಪೀಕ್ ಎದ್ದಿತೆಂದರೆ, ಅದರಲ್ಲೂ ಕಳೆದ ವಾರದ ಸ್ಯಾಂಪಲ್‌ನದೇ ಉದ್ದಕ್ಕೆ ಎದ್ದಿತೆಂದರೆ, ಆ ದಿನದ ಎಲ್ಲ ಫಲಿತಾಂಶವನ್ನೂ ತೆಗೆದುಹಾಕಿ, ತೆರೆದ ಪ್ರೈಮರ್ ಪಾಲುಗಳನ್ನು ಎಸೆದು, ಹೊಸ ಪಾಲು ಬಿಚ್ಚಿ ಮೊದಲಿನಿಂದ ಓಡಿಸಿ.